ಕರುಳಿನ ಕ್ಯಾನ್ಸರ್ ಆಪರೇಷನ್: ಹೊಟ್ಟೆ ಕೊಯ್ಯುವುದಾ, ತೂತಾ, ರೋಬೋಟಾ?

ಮೊದಲು ದೊಡ್ಡ ಕರುಳು. ಹೊಟ್ಟೆ ಉದ್ದಕ್ಕೆ ಕೊಯ್ಯುವ ಹಳೇ ಪದ್ಧತಿ ಮತ್ತು ಸಣ್ಣ ತೂತುಗಳ ಲ್ಯಾಪರೊಸ್ಕೋಪಿ ಎರಡನ್ನೂ ಅಮೆರಿಕ, ಕೆನಡಾದಲ್ಲಿ 872 ಜನರ ಮೇಲೆ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಪರೀಕ್ಷಿಸಿದರು. 2004ರಲ್ಲಿ ಫಲಿತಾಂಶ ಬಂತು. 3 ವರ್ಷದಲ್ಲಿ ಕ್ಯಾನ್ಸರ್ ಮರಳಿದ್ದು ಕೊಯ್ದವರಲ್ಲಿ ಶೇ 18, ತೂತಿನವರಲ್ಲಿ ಶೇ 16, ಅಂದರೆ ಹೆಚ್ಚುಕಡಿಮೆ ಒಂದೇ. ಆದರೆ ತೂತಿನವರು ಒಂದು ದಿನ ಬೇಗ ಮನೆಗೆ ಹೋದರು. ನನ್ನ ಓಟು ಅದಕ್ಕೇ.

ರೋಬೋಟ್? ಅಂದರೆ ಅದೇ ಸಣ್ಣ ತೂತುಗಳ ಮೂಲಕ, ಡಾಕ್ಟರೇ ನಡೆಸುವ ಯಂತ್ರದ ಕೈಗಳಿಂದ ಆಪರೇಷನ್. ಗುದನಾಳದ ಕ್ಯಾನ್ಸರ್ ಇದ್ದ 471 ಜನರ 2017ರ ಪರೀಕ್ಷೆಯಲ್ಲಿ, ಅರ್ಧಕ್ಕೆ ಬಿಟ್ಟು ಹೊಟ್ಟೆ ಕೊಯ್ಯಬೇಕಾದದ್ದು ರೋಬೋಟ್‌ನಲ್ಲಿ ಶೇ 8.1, ಲ್ಯಾಪರೊಸ್ಕೋಪಿಯಲ್ಲಿ ಶೇ 12.2, ಈ ವ್ಯತ್ಯಾಸ ಸುಮ್ನೆ ಆಕಸ್ಮಿಕವೂ ಆಗಿರಬಹುದು. ಖರ್ಚು ಮಾತ್ರ ಜಾಸ್ತಿ. ಆಮೇಲೆ ಚೀನಾದ ದೊಡ್ಡ ಪರೀಕ್ಷೆಯೊಂದು ರೋಬೋಟ್ ಕಡೆಗೇ ವಾಲಿತು, ಅಲ್ಲಿ ಆಪರೇಷನ್ ಮಾಡಿದವರು ಚೆನ್ನಾಗಿ ಪಳಗಿದವರು. ಹಾಗಾಗಿ ಯಂತ್ರ ಯಾವುದು ಅಂತ ಕೇಳುವ ಮೊದಲು, ಡಾಕ್ಟರ್ ಇಂಥವು ಎಷ್ಟು ಮಾಡಿದ್ದಾರೆ ಅಂತ ಕೇಳಿ.