ದೇವರ ಹೆಸರೋ, ದೃಢೀಕರಣವೋ?

ತುಮಕೂರಿನಲ್ಲಿ ವಿಧಾನಸಭೆಗೆ ನಾಮಪತ್ರ ಸಲ್ಲಿಸುವ ಅಭ್ಯರ್ಥಿಯು ಪ್ರಮಾಣವಚನದ ನಮೂನೆಗಳಿರುವ ಸಂವಿಧಾನದ ಮೂರನೆಯ ಅನುಸೂಚಿಯಂತೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರೆತ್ತದೆ ಶ್ರದ್ಧಾಪೂರ್ವಕವಾಗಿ ದೃಢೀಕರಿಸಬಹುದು. ಕಾನೂನಿನಲ್ಲಿ ಎರಡರ ತೂಕವೂ ಒಂದೇ. ಎರಡನೆಯ ದಾರಿ ಸುಲಭವಾಗಿ ದಕ್ಕಿದ್ದಲ್ಲ. 1880ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ನಾಸ್ತಿಕ ಚಾರ್ಲ್ಸ್ ಬ್ರಾಡ್‌ಲಾ ದೃಢೀಕರಣಕ್ಕೆ ಅವಕಾಶ ಕೇಳಿ, ಸ್ಥಾನ ಕಳೆದುಕೊಂಡು, ಮರುಚುನಾವಣೆಗಳಲ್ಲಿ ಮತ್ತೆ ಮತ್ತೆ ಗೆದ್ದರೂ ನೆಮ್ಮದಿಯಾಗಿ ಸದನದಲ್ಲಿ ಕೂತದ್ದು 1886ರಲ್ಲಿ. 1888ರ ಕಾಯ್ದೆ ಆ ಹಕ್ಕನ್ನು ಗಟ್ಟಿ ಮಾಡಿತು. ದೇವರ ಹೆಸರನ್ನು ಆರಿಸಿದವರು ಮನೆದೇವರನ್ನೂ ನಾಯಕರನ್ನೂ ಅದಕ್ಕೆ ಪೋಣಿಸದಿರುವುದು ಲೇಸು (ಬೆಂಬಲಿಗರ ಚಪ್ಪಾಳೆ ಬೇರೆ ಮಾತು). ನಂಬಿಕೆ ಅರೆಮನಸ್ಸಿನದಾದರೆ ದೃಢೀಕರಣವೇ ಪ್ರಾಮಾಣಿಕ. ವಚನದ ನಿಷ್ಠೆಯ ಭಾಗದಲ್ಲಿ ಮಾತ್ರ ಆಯ್ಕೆಯಿಲ್ಲ: ಪ್ರತ್ಯೇಕತೆಯ ಕೂಗಿನ ಹಿನ್ನೆಲೆಯಲ್ಲಿ 1963ರ ಹದಿನಾರನೆಯ ತಿದ್ದುಪಡಿ ಸೇರಿಸಿದ, ಭಾರತದ ಸಾರ್ವಭೌಮತ್ವ, ಅಖಂಡತೆಯನ್ನು ಎತ್ತಿಹಿಡಿಯುವೆನೆಂಬ ಮಾತನ್ನು ಇಬ್ಬರೂ ಹೇಳಲೇಬೇಕು.