ರಾತ್ರಿ ಕ್ಯಾಶುವಾಲಿಟಿ: ಚಿಕಿತ್ಸೆಗೆ 4 ಸ್ಟಾರ್, ಮಾತಿಗೆ 1

ನಮ್ಮೂರಿನ ಆಸ್ಪತ್ರೆ, ಹೆಸರು ಬೇಡ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಮಾವನವರಿಗೆ ಎದೆನೋವು ಅಂತ ಕರೆದುಕೊಂಡು ಹೋದೆವು. ಐದೇ ನಿಮಿಷದಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು. ಆಮೇಲೆ ಬಾಗಿಲು ಮುಚ್ಚಿತು. ಎರಡು ಗಂಟೆ ಯಾರೂ ಏನೂ ಹೇಳಲಿಲ್ಲ. ಕೇಳಿದರೆ ‘ಕೂತ್ಕೊಳ್ಳಿ’ ಅಷ್ಟೇ.

ಗೋಡೆ ಮೇಲೆ ಮಾತ್ರ ದೊಡ್ಡ ಬೋರ್ಡು: ವೈದ್ಯರು, ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ 2009ರ ಕಾಯ್ದೆ ಪ್ರಕಾರ ಜೈಲು. ಪಕ್ಕದ ಕಿಟಕಿಗೆ ಗಾಜಿಲ್ಲ, ರಟ್ಟು ಅಂಟಿಸಿದ್ದಾರೆ. ಹಿಂದೆ ಯಾರೋ ಒಡೆದಿದ್ದಂತೆ.

ನನ್ನ ಮೈದುನ ಮೆತ್ತಗಿನ ಹುಡುಗ. ಒಂದೂವರೆಗೆ ಅವನೂ ಕೌಂಟರ್ ಗುದ್ದಿದ. ತಪ್ಪೇ, ನಾನು ವಹಿಸಿಕೊಳ್ಳಲ್ಲ. ಆಗ ನರ್ಸ್ ಒಬ್ಬರು ಹೊರಗೆ ಬಂದರು. ‘ಇಸಿಜಿ ಚೆನ್ನಾಗಿದೆ ಅಣ್ಣ. ಹಾರ್ಟಿನ ರಕ್ತ ಪರೀಕ್ಷೆ ಮೂರು ಗಂಟೆ ಬಿಟ್ಟು ಇನ್ನೊಂದ್ಸಲ ಮಾಡ್ಬೇಕು, ಅದಕ್ಕೇ ಕಾಯಿಸ್ತಿರೋದು.’ ಮೈದುನ ಅಲ್ಲೇ ಕೂತು ಅತ್ತುಬಿಟ್ಟ. ಇದನ್ನ ಹನ್ನೊಂದೂವರೆಗೇ ಹೇಳಬಹುದಿತ್ತು ಅಲ್ವಾ? ಪಾಪ, ಆ ವಾರ್ಡಿಗೆಲ್ಲ ನರ್ಸ್‌ಗಳು ಇಬ್ಬರೇ. ಅವರ ಕೈಲಿದ್ದ ಟೀ ಮೇಲೆ ಕೆನೆ ಕಟ್ಟಿತ್ತು.

ಬೆಳಗ್ಗೆ ಮೈದುನ ಆ ನರ್ಸ್‌ಗೆ ಸಾರಿ ಕೇಳಿ ಬಂದ. ಮಾವನವರಿಗೆ ಆಗಿದ್ದು ಗ್ಯಾಸ್ಟ್ರಿಕ್ಕು.