ಜೀಬ್ರಾಫಿಶ್ ಭ್ರೂಣದಲ್ಲಿ ಜೀನ್ ಅಭಿವ್ಯಕ್ತಿ: ಕ್ಯುಪಿಸಿಆರ್, ಇನ್ ಸಿಟು, ಎಚ್‌ಸಿಆರ್

12 ಸೋಮೈಟ್ (ಬೆನ್ನುದ್ದಕ್ಕೂ ಒಂದೊಂದಾಗಿ ಮೂಡುವ ಅಂಗಾಂಶದ ತುಂಡು) ಹಂತದ ಭ್ರೂಣದ ಹಿಂಮೆದುಳಿನಲ್ಲಿ ಈಜಿಆರ್2ಬಿ ಜೀನ್ ಎರಡು ಪಟ್ಟಿಗಳಾಗಿ ಕಾಣುತ್ತದೆ, ರಾಂಬೋಮಿಯರ್ (ಹಿಂಮೆದುಳಿನ ಖಂಡ) 3 ಮತ್ತು 5ರಲ್ಲಿ. ಒಂದು ಪಟ್ಟಿ ಮಾಯವಾದರೂ ಎರಡೂ ಅರ್ಧಕ್ಕೆ ಮಂಕಾದರೂ ಕ್ಯುಪಿಸಿಆರ್ (ಭ್ರೂಣ ಕರಗಿಸಿ ಜೀನಿನ ಆರ್‌ಎನ್‌ಎ ನಕಲುಗಳನ್ನು ಒಟ್ಟಾಗಿ ಅಳೆಯುವ ವಿಧಾನ) ಕೊಡುವ ಅಂಕಿ ಹೆಚ್ಚುಕಮ್ಮಿ ಒಂದೇ. ಚಿಕ್ಕ ಜಾಗದಲ್ಲಿ ಬರುವ ಜೀನಿಗೆ ಅದನ್ನೊಂದನ್ನೇ ನಂಬಬಾರದು.

ಆದರೆ 'ಎಷ್ಟು' ಎಂಬ ಪ್ರಶ್ನೆಗೆ ಅದಕ್ಕೆ ಸಾಟಿಯಿಲ್ಲ. 30 ಭ್ರೂಣಗಳನ್ನು ಆರ್‌ಎನ್‌ಎ ಬೇರ್ಪಡಿಸುವ ದ್ರಾವಣವಾದ 500 ಮೈಕ್ರೋಲೀಟರ್ ಟ್ರೈಜಾಲ್‌ಗೆ ಹಾಕಿ ಸಿರಿಂಜ್ ಸೂಜಿಯಲ್ಲಿ ಎಳೆದುಬಿಟ್ಟರೆ ಸಾಕು, ಕರಗುತ್ತವೆ. ಡಿಎನ್‌ಏಸ್ ಹಂತ (ಜತೆಗೆ ಬಂದ ಡಿಎನ್‌ಎ ಕಳೆಯುವುದು) ಬಿಡಬೇಡಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ, ಅಂದರೆ ಸಿಡಿಎನ್‌ಎ, ಮಾಡುವ ಕಿಣ್ವ) ಹಾಕದ ಟ್ಯೂಬ್ ಒಂದು ಜತೆಗಿರಲಿ, ಡಿಎನ್‌ಎ ಉಳಿದಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಮೊದಲ ಮೂರು ಗಂಟೆಯ ಭ್ರೂಣದಲ್ಲಿ ಒಂದು ಮೋಸವಿದೆ. ಆಗ ಇರುವುದು ಬಹುಪಾಲು ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಎಂಆರ್‌ಎನ್‌ಎ. ಅದರಲ್ಲಿ ಹಲವಕ್ಕೆ ಪಾಲಿ-ಎ ಬಾಲ (ತುದಿಯಲ್ಲಿನ ಎ ಅಕ್ಷರಗಳ ಸಾಲು) ಫಲೀಕರಣದ ನಂತರ ಉದ್ದವಾಗುತ್ತದೆ. ಆ ಬಾಲಕ್ಕೆ ಅಂಟುವ ಒಲಿಗೊ-ಡಿಟಿಯಿಂದ ಸಿಡಿಎನ್‌ಎ ಮಾಡಿದರೆ ಬಾಲ ಬೆಳೆದದ್ದೇ 'ಜೀನ್ ಏರಿತು' ಎಂದು ಕಾಣುತ್ತದೆ. ಅಲ್ಲಿ ರ‍್ಯಾಂಡಮ್ ಹೆಕ್ಸಾಮರ್ (ಎಲ್ಲೆಂದರಲ್ಲಿ ಅಂಟುವ ಚಿಕ್ಕ ಡಿಎನ್‌ಎ ತುಂಡು) ಬಳಸಿ.

ಡಿಐಜಿ ಪ್ರೋಬ್ (ಜೀನಿನ ಎಂಆರ್‌ಎನ್‌ಎಗೆ ಅಂಟುವ, ಗುರುತು ಹಚ್ಚಿದ ತುಂಡು) ಹಾಕಿ ಎನ್‌ಬಿಟಿ-ಬಿಸಿಐಪಿ ನೇರಳೆ ಬಣ್ಣ ಬರಿಸುವ ಹಳೆಯ ಇನ್ ಸಿಟು 'ಎಲ್ಲಿ' ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಕೆಡುವುದು ಹೆಚ್ಚಾಗಿ, ಪ್ರೋಬ್ ಒಳಗಿಳಿಯಲು ದಾರಿ ಮಾಡುವ ಪ್ರೋಟೀನೇಸ್ ಕೆ ಹಂತದಲ್ಲಿ. ಮಿಲಿಲೀಟರಿಗೆ 10 ಮೈಕ್ರೋಗ್ರಾಂನಲ್ಲಿ 24 ಗಂಟೆಯ ಭ್ರೂಣಕ್ಕೆ 10 ನಿಮಿಷ ಸರಿ; 12 ಸೋಮೈಟಿಗೆ 3 ನಿಮಿಷ ಸಾಕು, ಮೀರಿದರೆ ಬಾಲ ಉದುರುತ್ತದೆ. ಬಣ್ಣದ ಗಾಢತೆಯನ್ನು ಪ್ರಮಾಣ ಎಂದು ಓದಬೇಡಿ, ಇನ್ನರ್ಧ ಗಂಟೆ ಬಿಟ್ಟರೆ ಮಂಕಾದ ಪಟ್ಟಿಯೂ ಕಡುನೇರಳೆಯಾಗುತ್ತದೆ. ಮ್ಯುಟಂಟ್ ಮತ್ತು ಒಡಹುಟ್ಟಿದ ಭ್ರೂಣಗಳನ್ನು ಒಂದೇ ಟ್ಯೂಬಿನಲ್ಲಿ ಬಣ್ಣ ಬರಿಸಿ, ಫೋಟೊ ತೆಗೆದು, ಜೀನೋಟೈಪ್ ಆಮೇಲೆ ನೋಡುವುದೇ ನ್ಯಾಯ.

ಎರಡು ಮೂರು ಜೀನ್‌ಗಳನ್ನು ಒಟ್ಟಿಗೆ ನೋಡಬೇಕಿದ್ದರೆ ನಮ್ಮ ಮತ ಎಚ್‌ಸಿಆರ್‌ಗೆ. ಇದೂ ಇನ್ ಸಿಟುವೇ, ಆದರೆ ಪ್ರೋಬಿನ ಮೇಲೆ ಹೊಳೆಯುವ ಹೇರ್‌ಪಿನ್‌ಗಳು (ಮಡಚಿದ ಡಿಎನ್‌ಎ ತುಂಡುಗಳು) ಸರಪಳಿಯಾಗಿ ಬೆಳೆಯುತ್ತವೆ. ಪ್ರೋಬ್ 37 ಡಿಗ್ರಿಯಲ್ಲೇ ಕೂರುತ್ತದೆ, ಹಳೆಯ ವಿಧಾನದ 70 ಡಿಗ್ರಿಯ ರಗಳೆಯಿಲ್ಲ. ಹೇರ್‌ಪಿನ್‌ಗಳಾದ ಎಚ್1, ಎಚ್2ಗಳನ್ನು ಬೇರೆಬೇರೆ ಟ್ಯೂಬಿನಲ್ಲಿ 95 ಡಿಗ್ರಿಗೆ 90 ಸೆಕೆಂಡ್ ಕಾಯಿಸಿ, ಕತ್ತಲಲ್ಲಿ 30 ನಿಮಿಷ ಕೋಣೆಯ ತಾಪಕ್ಕೆ ಆರಿಸಿ, ಆಮೇಲಷ್ಟೇ ಬೆರೆಸಿ. ಮೊದಲೇ ಬೆರೆಸಿದರೆ ಭ್ರೂಣ ಸೇರುವ ಮುನ್ನವೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಳದಿಚೀಲ ಹಸಿರು ಚಾನೆಲ್‌ನಲ್ಲಿ ತಾನಾಗಿ ಹೊಳೆಯುವುದರಿಂದ ದುರ್ಬಲ ಜೀನಿಗೆ ಕಡುಗೆಂಪಿನಾಚೆ ಹೊಳೆಯುವ 647 ಬಣ್ಣ ಕೊಡಿ. ಒಂದು ಪ್ರೋಬ್ ಜೋಡಿಗೆ 52 ನ್ಯೂಕ್ಲಿಯೋಟೈಡ್ ಜಾಗ ಬೇಕು, ಹಾಗಾಗಿ ಗಿಡ್ಡ ಎಂಆರ್‌ಎನ್‌ಎಗೆ ಜೋಡಿಗಳೇ ಸಾಲುವುದಿಲ್ಲ, ಸಿಗ್ನಲ್ ಸೊರಗುತ್ತದೆ.

ವಿಧಾನ ಯಾವುದೇ ಇರಲಿ, ಭ್ರೂಣ ಹೆಕ್ಕುವಾಗ ಗಡಿಯಾರ ಬಿಟ್ಟು ಸೋಮೈಟ್ ಎಣಿಸಿ. ಇಂಜೆಕ್ಟ್ ಮಾಡಿದ ಭ್ರೂಣ ಎರಡು ಸೋಮೈಟ್ ಹಿಂದುಳಿದಿದ್ದರೆ, ಇನ್ನೂ ಶುರುವೇ ಆಗದ ಜೀನ್ ಇಳಿದುಹೋದಂತೆ ಕಾಣುತ್ತದೆ.